ಟ್ಯೂಬ್ ಬದಲಿಸುವ ಮುನ್ನ ಟೈರ್ ನೋಡಿ

ಕಳೆದ ಬೇಸಿಗೆಯ ಒಂದು ಭಾನುವಾರ ಬೆಳಿಗ್ಗೆ ಮೈಸೂರಿನ ರಿಂಗ್ ರಸ್ತೆಯಲ್ಲಿ ನನ್ನ ಸೈಕಲ್ಲಿನ ಹಿಂದಿನ ಚಕ್ರ ಹತ್ತೇ ಕಿಲೋಮೀಟರಿನೊಳಗೆ ಮೂರು ಸಲ ಪಂಕ್ಚರ್ ಆಯಿತು. ಮೊದಲ ಸಲ ಚೀಲದಲ್ಲಿದ್ದ ಹೊಸ ಟ್ಯೂಬ್ ಹಾಕಿದೆ. ಎರಡನೆಯ ಸಲ ಗೆಳೆಯನ ಟ್ಯೂಬ್ ಇಸಿದುಕೊಂಡೆ. ಮೂರನೆಯ ಸಲ ಇಬ್ಬರ ಬಳಿಯೂ ಏನೂ ಉಳಿದಿರಲಿಲ್ಲ. ಸೈಕಲ್ ತಳ್ಳಿಕೊಂಡು ಹೋಗಿ ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತು, ಟ್ಯೂಬ್ ತಯಾರಿಸುವವರ ಕುಲವನ್ನೇ ಬೈಯತೊಡಗಿದೆ. ಲೋಟ ತೊಳೆಯುತ್ತಿದ್ದ ಅಂಗಡಿಯವರು ತಲೆ ಎತ್ತದೆಯೇ ಹೇಳಿದರು: “ಒಳಗೆ ಏನೋ ಕೂತಿದೆ ಸಾರ್. ಅದನ್ನು ತೆಗೆಯದೆ ಎಷ್ಟು ಟ್ಯೂಬ್ ಹಾಕಿದರೂ ಅಷ್ಟೆ.”

ಮೂರೂ ಟ್ಯೂಬುಗಳನ್ನು ಒಟ್ಟಿಗೆ ಹಿಡಿದು ನೋಡಿದೆ. ಮೂರರಲ್ಲೂ ತೂತು ವಾಲ್ವಿನಿಂದ ಸರಿಯಾಗಿ ಒಂದು ಗೇಣು ದೂರ. ಟೈರಿನ ಒಳಮೈಯಲ್ಲಿ ಅದೇ ಜಾಗವನ್ನು ಬಗ್ಗಿಸಿ ಬಿಸಿಲಿಗೆ ಹಿಡಿದಾಗ ಮೀಸೆಯ ಕೂದಲಿನಷ್ಟು ತೆಳ್ಳನೆಯ ಉಕ್ಕಿನ ತಂತಿಯ ತುದಿ ಮಿನುಗಿತು. ಲಾರಿಯ ರೇಡಿಯಲ್ ಟೈರುಗಳ ಒಳಗೆ ಉಕ್ಕಿನ ತಂತಿಯ ಪಟ್ಟಿ ಇರುತ್ತದೆ. ಆ ಟೈರು ಸಿಡಿದಾಗ ತಂತಿಯ ತುಣುಕುಗಳು ರಸ್ತೆಯ ಅಂಚಿಗೆ ಬಂದು ಸೇರುತ್ತವೆ. ನಾವು ಸೈಕಲ್ಲಿನವರು ಓಡಾಡುವುದೂ ಅದೇ ಅಂಚಿನಲ್ಲಿ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಸೈಕಲ್ಲಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ. ಆ ರಸ್ತೆಯ ಅಂಚಿನ ದೂಳಿನಲ್ಲಿ ಒಮ್ಮೆ ಬಗ್ಗಿ ನೋಡಿದರೆ ಇಂಥ ತಂತಿ, ಗಾಜಿನ ಚೂರು ಧಾರಾಳವಾಗಿ ಕಾಣುತ್ತವೆ.

ಅಂದಿನಿಂದ ನಾನು ಟ್ಯೂಬನ್ನು ಬೈಯುವುದು ಬಿಟ್ಟು ಟೈರನ್ನು ನೋಡಲು ಕಲಿತೆ. ರೋಡ್ ಬೈಕಿನ, ಅಂದರೆ ಟಾರು ರಸ್ತೆಯಲ್ಲಿ ವೇಗವಾಗಿ ಓಡಿಸುವ ಸೈಕಲ್ಲಿನ, ತೆಳ್ಳನೆಯ ಟೈರ್ ಇಟ್ಟುಕೊಂಡವರಿಗೆ ಉಪಯೋಗವಾದೀತೆಂದು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಚಕ್ರ ಬಿಚ್ಚುವ ಮೊದಲು

ಗಾಳಿ ಹೋದ ಕೂಡಲೇ ಚಕ್ರ ಕಳಚಲು ಹೋಗಬೇಡಿ. ಸೈಕಲ್ಲನ್ನು ನೆರಳಿಗೆ ತಂದು, ಚಕ್ರವನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸುತ್ತಾ ಟೈರಿನ ಹೊರಮೈಯನ್ನು ನೋಡಿ. ಮೊಳೆ, ಮುಳ್ಳು, ಗಾಜು ಏನೇ ಕಂಡರೂ ತಕ್ಷಣ ಕೀಳಬೇಡಿ. ಪಕ್ಕದಲ್ಲಿ ಬಾಲ್‌ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ಕಿತ್ತು ಬಿಸಾಡಿದ ಮೇಲೆ ಯಾವ ಜಾಗ ಎಂಬುದು ಮರೆತುಹೋಗುತ್ತದೆ.

ಹಿಂದಿನ ಚಕ್ರವಾದರೆ ಚೈನನ್ನು ಎಲ್ಲಕ್ಕಿಂತ ಚಿಕ್ಕ ಹಲ್ಲುಚಕ್ರಕ್ಕೆ ಇಳಿಸಿಕೊಂಡೇ ಬಿಚ್ಚಿ. ಇಲ್ಲದಿದ್ದರೆ ಕೈಗೆ ಗ್ರೀಸು, ಬಾಯಿಗೆ ಬೈಗುಳ. ಉಳಿದ ಗಾಳಿಯನ್ನೂ ಬಿಟ್ಟು, ಟೈರಿನ ಎರಡೂ ಬದಿಯ ಅಂಚನ್ನು ಹೆಬ್ಬೆರಳಿನಿಂದ ಒತ್ತುತ್ತಾ ಪೂರ್ತಿ ಸುತ್ತ ರಿಮ್ಮಿನ ನಡುವಿನ ತಗ್ಗಿಗೆ ತಳ್ಳಿ. ಈ ಕೆಲಸವನ್ನು ಬಹುಮಂದಿ ಮಾಡುವುದಿಲ್ಲ, ಮಾಡದೆ ಟೈರು ಎಬ್ಬಿಸುವ ಲಿವರ್ ಮುರಿದುಕೊಳ್ಳುತ್ತಾರೆ. ಅಂಚು ತಗ್ಗಿಗೆ ಇಳಿದರೆ ಟೈರು ಸಡಿಲವಾಗುತ್ತದೆ. ವಾಲ್ವಿಗೆ ಎದುರು ಬದಿಯಲ್ಲಿ ಪ್ಲಾಸ್ಟಿಕ್ ಲಿವರ್ ತೂರಿಸಿ ಒಂದೇ ಬದಿಯ ಅಂಚನ್ನು ಎಬ್ಬಿಸಿ. ಸ್ಕ್ರೂಡ್ರೈವರ್ ಬೇಡ, ಅದು ಟ್ಯೂಬನ್ನೂ ಕಡಿಯುತ್ತದೆ, ರಿಮ್ಮನ್ನೂ ಗೀರುತ್ತದೆ. ಟೈರಿನ ಇನ್ನೊಂದು ಬದಿ ಸದ್ಯಕ್ಕೆ ರಿಮ್ಮಿನಲ್ಲೇ ಇರಲಿ. ಆಗ ಟ್ಯೂಬಿನ ತೂತಿಗೂ ಟೈರಿನ ಜಾಗಕ್ಕೂ ತಾಳೆ ನೋಡಬಹುದು.

ತೂತು ಎಲ್ಲಿದೆ ಎಂಬುದೇ ಉತ್ತರ

ಟ್ಯೂಬಿಗೆ ಸ್ವಲ್ಪ ಗಾಳಿ ಹೊಡೆದು ಕೆನ್ನೆಯ ಹತ್ತಿರ ಹಿಡಿದು ಸುತ್ತಿಸಿ. ಕಿವಿಗೆ ಕೇಳದ ಸೋರಿಕೆ ಕೆನ್ನೆಗೆ ತಂಪಾಗಿ ತಾಗುತ್ತದೆ. ಅದಕ್ಕೂ ಸಿಗದಿದ್ದರೆ ಬಕೆಟ್ ನೀರಿನಲ್ಲಿ ಅದ್ದಿ ಗುಳ್ಳೆ ನೋಡುವುದು ಇದ್ದೇ ಇದೆ. ತೂತು ಸಿಕ್ಕ ಮೇಲೆ ಅದು ಟ್ಯೂಬಿನ ಯಾವ ಮಗ್ಗುಲಲ್ಲಿದೆ ಎಂದು ಗಮನಿಸಿ.

ಹೊರಮಗ್ಗುಲಲ್ಲಿ, ಅಂದರೆ ರಸ್ತೆಯ ಕಡೆಗಿರುವ ಭಾಗದಲ್ಲಿ ಒಂದೇ ಒಂದು ಸೂಜಿಮೊನೆಯ ತೂತಿದ್ದರೆ ಏನೋ ಟೈರನ್ನು ಚುಚ್ಚಿಕೊಂಡು ಒಳಗೆ ಬಂದಿದೆ. ಅದು ಇನ್ನೂ ಅಲ್ಲೇ ಇದೆ ಎಂದೇ ತಿಳಿಯಿರಿ.

ಅಕ್ಕಪಕ್ಕದಲ್ಲಿ ಎರಡು ಸೀಳು, ಹಾವು ಕಚ್ಚಿದ ಗುರುತಿನಂತೆ ಇದ್ದರೆ ತಪ್ಪು ಮುಳ್ಳಿನದಲ್ಲ, ನಿಮ್ಮದು. ಗಾಳಿ ಕಡಿಮೆ ಇತ್ತು. ಗುಂಡಿಯ ಅಂಚಿಗೋ, ಬಣ್ಣ ಬಳಿಯದೆ ಬಿಟ್ಟ ಅವೈಜ್ಞಾನಿಕ ರಸ್ತೆ ಉಬ್ಬಿಗೋ ಬಡಿದಾಗ ರಿಮ್ಮು ಟ್ಯೂಬನ್ನು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತೆ ಕತ್ತರಿಸಿದೆ. ಟೈರಿನಲ್ಲಿ ಏನೂ ಸಿಗದಿದ್ದರೂ ಅದೇ ಜಾಗದ ಪಕ್ಕದ ಗೋಡೆಯನ್ನು ಪರೀಕ್ಷಿಸಿ. ಆ ಹೊಡೆತಕ್ಕೆ ಅದೂ ಬಿರಿದಿರಬಹುದು.

ಒಳಮಗ್ಗುಲಲ್ಲಿ, ರಿಮ್ಮಿನ ಕಡೆ ತೂತಿದ್ದರೆ ರಿಮ್ ಟೇಪು ಜರುಗಿ ಕಡ್ಡಿಯ ರಂಧ್ರವೊಂದು ಬಾಯ್ತೆರೆದಿದೆ. ಟೇಪು ಬದಲಿಸದೆ ಹತ್ತು ಟ್ಯೂಬ್ ಹಾಕಿದರೂ ಹತ್ತೂ ಹೋಗುತ್ತವೆ. ವಾಲ್ವಿನ ಬುಡದಲ್ಲೇ ಹರಿದಿದ್ದರೆ ಕೈಪಂಪಿನಿಂದ ಗಾಳಿ ಹೊಡೆಯುವಾಗ ವಾಲ್ವನ್ನು ಅಲ್ಲಾಡಿಸಿದ್ದೀರಿ. ಆ ಟ್ಯೂಬಿಗೆ ತೇಪೆ ನಿಲ್ಲುವುದಿಲ್ಲ. ಮುಂದಿನ ಸಲ ಪಂಪಿನ ತಲೆಯನ್ನೂ ಕಡ್ಡಿಯನ್ನೂ ಒಂದೇ ಕೈಯಲ್ಲಿ ಬಿಗಿಯಾಗಿ ಹಿಡಿದು ಹೊಡೆಯಿರಿ.

ಚುಚ್ಚಿದ ವಸ್ತುವನ್ನು ಹುಡುಕುವಾಗ ಬರಿಗೈಯನ್ನು ಟೈರಿನೊಳಗೆ ಓಡಿಸಬೇಡಿ, ಗಾಜಾಗಿದ್ದರೆ ಬೆರಳು ಸೀಳುತ್ತದೆ. ಹತ್ತಿಯ ಉಂಡೆಯನ್ನೋ ಹಳೆಯ ಕಾಲುಚೀಲವನ್ನೋ ಒಳಗೆ ಸುತ್ತ ಉಜ್ಜಿ. ತಂತಿಯ ತುದಿಗೆ ಎಳೆ ಸಿಕ್ಕಿಕೊಂಡು ನಿಲ್ಲುತ್ತದೆ. ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಉಜ್ಜಬೇಕು, ಓರೆಯಾಗಿ ಕೂತ ತಂತಿ ಒಂದು ದಿಕ್ಕಿನಲ್ಲಿ ಮಾತ್ರ ಸಿಗುತ್ತದೆ. ಕೀಳಲು ಹುಬ್ಬು ತೀಡುವ ಚಿಮಟಕ್ಕಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ.

ನಮ್ಮ ನಾಡಿನ ಮುಳ್ಳುಗಳ ವಿಷಯವೂ ಇಲ್ಲೇ ಬರಲಿ. ಬಳ್ಳಾರಿ ಜಾಲಿಯ ಮುಳ್ಳು ಟೈರಿಗೆ ಹೊಕ್ಕು ಹೊರಗಡೆ ಮುರಿಯುತ್ತದೆ. ಮೇಲೆ ನೋಡಿದರೆ ಕಪ್ಪು ಚುಕ್ಕಿಯಷ್ಟೇ. ಟೈರನ್ನು ಆ ಜಾಗದಲ್ಲಿ ಹಿಮ್ಮುಖವಾಗಿ ಬಗ್ಗಿಸಿದಾಗ ಮಾತ್ರ ಒಳಗಿನ ಮೊನೆ ಹೊರಬೀಳುತ್ತದೆ. ನೆಗ್ಗಿಲು ಮುಳ್ಳು ಇನ್ನೂ ಖದೀಮ. ಒಣಗಿದ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಆಕಾಶ ನೋಡುತ್ತಿರುತ್ತದೆ. ಸೈಕಲ್ ಪಟುಗಳ ತವರಾದ ವಿಜಯಪುರ, ಬಾಗಲಕೋಟೆ ಕಡೆಯ ಒಣಭೂಮಿಯಲ್ಲಿ ಸವಾರಿ ಮಾಡುವಾಗ ಟಾರು ಬಿಟ್ಟು ಪಕ್ಕದ ಮಣ್ಣಿಗೆ ಇಳಿಸದಿರುವುದೇ ಇದಕ್ಕೆ ಮದ್ದು. ಮೂತ್ರಕ್ಕೆ ಇಳಿದರೂ ಸೈಕಲ್ಲನ್ನು ಎತ್ತಿ ಇಡಿ, ತಳ್ಳಬೇಡಿ.

ತೇಪೆ

ರಸ್ತೆಯಲ್ಲಿ ಹೊಸ ಟ್ಯೂಬ್, ಮನೆಯಲ್ಲಿ ತೇಪೆ ಎಂಬುದು ನನ್ನ ರೂಢಿ. ಅವಸರದಲ್ಲಿ ಹಾಕಿದ ತೇಪೆ ಮುಂದಿನ ಊರಿನ ಹೊತ್ತಿಗೆ ಬಾಯಿ ಬಿಡುತ್ತದೆ.

ತೂತಿನ ಮೇಲೆ ಪೆನ್ನಿನಿಂದ ದೊಡ್ಡದೊಂದು ಕೂಡಿಸುವ ಚಿಹ್ನೆ ಬರೆಯಿರಿ, ಗೆರೆಗಳು ತೇಪೆಗಿಂತ ಉದ್ದವಿರಲಿ. ಉಜ್ಜಿದ ಮೇಲೆ ನಡುವಿನ ಗುರುತು ಅಳಿಸಿದರೂ ತುದಿಗಳು ಉಳಿದು ಜಾಗ ತೋರಿಸುತ್ತವೆ. ಉಪ್ಪುಕಾಗದದಿಂದ ಹೊಳಪು ಹೋಗುವವರೆಗೆ ಉಜ್ಜಿ. ಅಚ್ಚಿನ ಗೆರೆ ಉಬ್ಬಿದ್ದರೆ ಅದನ್ನೂ ಸಮ ಮಾಡಿ, ಇಲ್ಲದಿದ್ದರೆ ಗಾಳಿ ಆ ಗೆರೆಯ ಅಂಚು ಹಿಡಿದು ಹೊರಗೆ ನುಸುಳುತ್ತದೆ. ಸೊಲ್ಯೂಷನ್ ತೆಳ್ಳಗೆ ಸವರಿ ಸುಮ್ಮನೆ ಕುಳಿತುಕೊಳ್ಳಿ. ಎಲ್ಲರೂ ಎಡವುವುದು ಇಲ್ಲೇ. ಇದು ಗೋಂದಲ್ಲ, ಹಸಿಯಿದ್ದಾಗ ಅಂಟುವುದಿಲ್ಲ. ಮೂರರಿಂದ ಐದು ನಿಮಿಷ ಆರಿ, ಹೊಳಪು ಕಳೆದು, ಬೆರಳ ಹಿಂಬದಿ ತಾಗಿಸಿದರೆ ಕೈಗೆ ಮೆತ್ತದಂತಾದಾಗ ತೇಪೆ ಇಟ್ಟು ನಡುವಿನಿಂದ ಅಂಚಿಗೆ ನಾಣ್ಯದಿಂದ ಒತ್ತಿ. ಮೇಲಿನ ಪಾರದರ್ಶಕ ಹಾಳೆ ಸುಲಭವಾಗಿ ಬರದಿದ್ದರೆ ಬಿಟ್ಟುಬಿಡಿ. ಅದನ್ನು ಕೀಳಲು ಹೋಗಿ ತೇಪೆಯ ಅಂಚನ್ನೇ ಎಬ್ಬಿಸಿಕೊಳ್ಳುವುದಕ್ಕಿಂತ ಅದು ಒಳಗೇ ಇರುವುದು ವಾಸಿ. ಕೊನೆಗೆ ಮುಖಕ್ಕೆ ಹಾಕುವ ಪೌಡರನ್ನು ಒಂದಿಷ್ಟು ಉದುರಿಸಿದರೆ ಟ್ಯೂಬು ಟೈರಿಗೆ ಅಂಟುವುದಿಲ್ಲ.

ಬೀದಿಯ ಪಂಕ್ಚರ್ ಅಂಗಡಿಗೆ ಹೋಗುವುದರಲ್ಲಿ ತಪ್ಪೇನಿಲ್ಲ, ಅವರ ಕೈಚಳಕ ನಮಗೆ ಬರುವುದಿಲ್ಲ. ಆದರೆ ಸ್ಕೂಟರಿನ ದಪ್ಪ ತೇಪೆ ನಮ್ಮ ತೆಳು ಟ್ಯೂಬಿನ ಮೇಲೆ ಗಂಟಿನಂತೆ ಕೂರುತ್ತದೆ. “ಅಣ್ಣಾ, ಚಿಕ್ಕ ಪ್ಯಾಚ್ ಹಾಕಿ, ಅರದಲ್ಲಿ ಜೋರಾಗಿ ಉಜ್ಜಬೇಡಿ” ಎಂದು ಮೊದಲೇ ಹೇಳಿ. ರೋಡ್ ಬೈಕಿನ ತೆಳ್ಳನೆಯ ಪ್ರೆಸ್ಟಾ ವಾಲ್ವಿಗೆ ಅವರ ಗಾಳಿಪೈಪು ಹೊಂದುವುದಿಲ್ಲ. ಹುಣಿಸೆಬೀಜದಷ್ಟು ಚಿಕ್ಕ ಹಿತ್ತಾಳೆಯ ಅಡಾಪ್ಟರ್ ಒಂದನ್ನು ಚೀಲದಲ್ಲಿ ಸದಾ ಇಟ್ಟುಕೊಳ್ಳಿ. ಕಂಪ್ರೆಸರಿನಿಂದ ಹೊಡೆಸುವಾಗ ಚೂರುಚೂರೇ ಹೊಡೆಸಿ, ಈ ಟ್ಯೂಬು ಎರಡು ಕ್ಷಣದಲ್ಲಿ ತುಂಬಿಬಿಡುತ್ತದೆ.

ಈಗ ಕಿತ್ತಳೆ, ನೀಲಿ ಬಣ್ಣಗಳಲ್ಲಿ ಬರುತ್ತಿರುವ ಹಗುರ ಟಿಪಿಯು (ಒಂದು ಬಗೆಯ ಪ್ಲಾಸ್ಟಿಕ್) ಟ್ಯೂಬುಗಳಿಗೆ ಮಾಮೂಲಿ ಸೊಲ್ಯೂಷನ್ ತೇಪೆ ಹತ್ತುವುದಿಲ್ಲ, ಅವುಗಳದ್ದೇ ಬೇರೆ ಅಂಟು ತೇಪೆ ಬೇಕು. ರಿಮ್ ಬ್ರೇಕಿನ ಸೈಕಲ್ಲಿಗೆ ಇವನ್ನು ಹಾಕುವ ಮೊದಲು ಪೊಟ್ಟಣದ ಮೇಲಿನ ಸೂಚನೆ ಓದಿ. ಚಾಮುಂಡಿ ಬೆಟ್ಟದಂಥ ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಇಳಿದರೆ ರಿಮ್ಮು ಕಾಯುತ್ತದೆ. ಆ ಬಿಸಿಗೆ ತಮ್ಮ ಟ್ಯೂಬು ತಾಳದು ಎಂದು ಕೆಲವು ತಯಾರಕರೇ ಬರೆದಿರುತ್ತಾರೆ.

ಟೈರಿಗೇ ಪೆಟ್ಟಾಗಿದ್ದರೆ

ಟೈರೆಂದರೆ ಮೇಲಿನ ರಬ್ಬರ್ ಎಂದು ನಾವು ಭಾವಿಸುತ್ತೇವೆ. ನಿಜವಾಗಿ ಗಾಳಿಯ ಒತ್ತಡವನ್ನು ಹೊರುವುದು ಅದರ ಒಳಗಿನ ನೂಲಿನ ಹೆಣಿಗೆ. ಹೆಚ್ಚಾಗಿ ಅದು ನೈಲಾನ್. ಆದ್ದರಿಂದ ಯಾವ ಗಾಯ ಕಂಡರೂ ಕೇಳಬೇಕಾದ ಪ್ರಶ್ನೆ ಒಂದೇ: ನೂಲು ಕಡಿದಿದೆಯೇ?

ರಬ್ಬರ್ ಮಾತ್ರ ಸೀಳಿ ನೂಲು ಗಟ್ಟಿಯಾಗಿದ್ದರೆ ಚಿಂತೆಯಿಲ್ಲ. ಗಾಜಿನ ಚೂರನ್ನು ಸೂಜಿಯಿಂದ ಕೆದಕಿ ತೆಗೆಯಿರಿ. ಬಿಟ್ಟರೆ ಅದು ಪ್ರತಿ ಸುತ್ತಿಗೂ ಒಂದೊಂದು ಕೂದಲೆಳೆಯಷ್ಟು ಒಳಕ್ಕೆ ಇಳಿಯುತ್ತದೆ. ಕೆಲವರು ಸೀಳಿಗೆ ಫೆವಿಕ್ವಿಕ್ ಹಾಕುತ್ತಾರೆ. ಮರಳು ಸೇರದಂತೆ ತಡೆಯುವುದಕ್ಕೆ ಅದು ಸರಿ, ಆದರೆ ಬಲ ಬಂತೆಂದುಕೊಳ್ಳಬೇಡಿ.

ನೂಲು ಕಡಿದು ಒಳಗಿನ ಟ್ಯೂಬು ಇಣುಕುವಂತಾಗಿದ್ದರೆ ಗಾಳಿ ಹೊಡೆದ ಕೂಡಲೇ ಟ್ಯೂಬು ಆ ಸೀಳಿನಿಂದ ಗುಳ್ಳೆಯಂತೆ ಹೊರಬಂದು ಸಿಡಿಯುತ್ತದೆ. ಊರು ಸೇರುವವರೆಗೆ ಒಳಗಿನಿಂದ ಒಂದು ಒತ್ತುಪಟ್ಟಿ ಕೊಡಬೇಕು. ಹತ್ತರ ನೋಟನ್ನು ನಾಲ್ಕು ಮಡಿಕೆ ಮಾಡಿ ಇಡುವುದು ಹಳೆಯ ಉಪಾಯ. ಆದರೆ ಎಲ್ಲರೂ ಫೋನಿನಲ್ಲೇ ದುಡ್ಡು ಕೊಡುವ ಈ ಕಾಲದಲ್ಲಿ ಜೇಬಿನಲ್ಲಿ ನೋಟೇ ಇರುವುದಿಲ್ಲ. ಅದಕ್ಕಿಂತ ಖಾಲಿಯಾದ ಟೂತ್‌ಪೇಸ್ಟ್ ಟ್ಯೂಬು ಉತ್ತಮ. ಅದನ್ನು ಸೀಳಿ ತೊಳೆದು, ಮೂರು ಸೆಂಟಿಮೀಟರ್ ಅಗಲ ಐದು ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ ಸೀಟಿನ ಕೆಳಗಿನ ಚೀಲದಲ್ಲಿ ಹಾಕಿಡಿ. ಸೀಳಿನ ಒಳಬದಿಗೆ ಇದನ್ನಿಟ್ಟು ಟ್ಯೂಬಿಗೆ ಸ್ವಲ್ಪ ಗಾಳಿ ಹೊಡೆದರೆ ತಾನೇ ಒತ್ತಿಕೊಂಡು ನಿಲ್ಲುತ್ತದೆ. ಮಾಮೂಲಿಗಿಂತ ಹದಿನೈದು ಇಪ್ಪತ್ತು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಕಡಿಮೆ ಹೊಡೆದು, ಗುಂಡಿ ತಪ್ಪಿಸುತ್ತಾ ಮನೆಗೆ ಬನ್ನಿ. ಈ ಟೈರು ಮುಂದಿನ ಚಕ್ರದ್ದಾದರೆ ಇಳಿಜಾರಿನಲ್ಲಿ ಸವಾರಿ ಮಾಡದೆ ಇಳಿದು ನಡೆಯಿರಿ.

ಪಕ್ಕದ ಗೋಡೆ ಸೀಳಿದ್ದರೆ, ಅಥವಾ ಗಾಳಿ ತುಂಬಿದಾಗ ಎಲ್ಲಾದರೂ ಗಂಟಿನಂತೆ ಉಬ್ಬಿದರೆ ಆ ಟೈರಿಗೆ ರಿಪೇರಿ ಎಂಬುದಿಲ್ಲ. ಗೋಡೆಯಲ್ಲಿ ರಬ್ಬರ್ ತೀರಾ ತೆಳು, ಸವಾರಿಯುದ್ದಕ್ಕೂ ಅದು ಬಾಗಿ ಎದ್ದು ಬಾಗಿ ಎದ್ದು ಮಾಡುತ್ತಿರುತ್ತದೆ, ಅಲ್ಲಿ ಯಾವ ತೇಪೆಯೂ ನಿಲ್ಲದು. ಗೋಡೆಯ ಸುತ್ತ ಒಂದೇ ಎತ್ತರದಲ್ಲಿ ಸವೆದ ಗೆರೆ ಕಂಡರೆ ರಸ್ತೆಯನ್ನು ದೂರದೆ ಬ್ರೇಕ್ ಪ್ಯಾಡು ನೋಡಿ. ಅದು ಮೇಲಕ್ಕೆ ಜರುಗಿ ಟೈರನ್ನು ಉಜ್ಜುತ್ತಿರುತ್ತದೆ. ಹೊಸ ಟೈರು ಹಾಕಿ ಪ್ಯಾಡನ್ನು ಹಾಗೇ ಬಿಟ್ಟರೆ ಅದರ ಗತಿಯೂ ಅಷ್ಟೆ.

ಪೆಟ್ಟಿಲ್ಲದೆ ಬರಿದೇ ಸವೆದ ಟೈರಿನ ಗುರುತುಗಳು ಸರಳ. ಹಿಂದಿನ ಟೈರಿನ ನಡುಭಾಗ ದುಂಡಗಿರದೆ ಚಪ್ಪಟೆಯಾಗುತ್ತದೆ. ಕಾಂಟಿನೆಂಟಲ್‌ನಂಥ ಕೆಲವು ಕಂಪನಿಗಳ ಟೈರುಗಳಲ್ಲಿ ಸವೆತ ತೋರಿಸುವ ಪುಟ್ಟ ಕುಳಿಗಳಿರುತ್ತವೆ. ಅವು ಮಾಯವಾದರೆ ಅವಧಿ ಮುಗಿಯಿತು. ನೂಲು ಕಂಡರಂತೂ ಆ ದಿನವೇ ತೆಗೆಯಿರಿ. ವಾರಕ್ಕೊಂದು ಪಂಕ್ಚರ್ ಆಗತೊಡಗಿದರೂ ಟ್ಯೂಬಿಗೆ ದುಡ್ಡು ಸುರಿಯುವುದನ್ನು ನಿಲ್ಲಿಸಿ ಟೈರು ಕೊಳ್ಳಿ. ಪಡುವಣದ ಬಿಸಿಲು ಬೀಳುವ ಬಾಲ್ಕನಿಯಲ್ಲಿ ಗಾಳಿಯಿಲ್ಲದೆ ತಿಂಗಳುಗಟ್ಟಲೆ ನಿಂತ ಸೈಕಲ್ಲಿನ ಟೈರು ಓಡದೆಯೂ ಬಿರುಕು ಬಿಡುತ್ತದೆ, ಅದನ್ನೂ ನಂಬಬೇಡಿ.

ಬಾಳಿಕೆಯ ಟೈರು ಕೊಳ್ಳುವಾಗ

ಅಂಗಡಿಗೆ ಹೋಗಿ “ಪಂಕ್ಚರ್ ಆಗದ ಟೈರು ಕೊಡಿ” ಎಂದರೆ ಬೆಲೆ ಹೆಚ್ಚಿರುವುದನ್ನು ಕೊಡುತ್ತಾರೆ. ನಾನು ಕಂಡಂತೆ ಬಾಳಿಕೆಯನ್ನು ಮೊದಲು ತೀರ್ಮಾನಿಸುವುದು ಅಗಲ ಮತ್ತು ಗಾಳಿಯ ಪ್ರಮಾಣ; ಕಂಪನಿಯ ಹೆಸರು ಬರುವುದು ಆಮೇಲೆ.

ಹಳೆಯ ಟೈರಿನ ಗೋಡೆಯ ಮೇಲೆ 25-622 ಅಥವಾ 28-622 ಎಂದು ಬರೆದಿರುತ್ತದೆ. ಮೊದಲಿನದು ಮಿಲಿಮೀಟರಿನಲ್ಲಿ ಅಗಲ, ಎರಡನೆಯದು ರಿಮ್ಮಿನಲ್ಲಿ ಟೈರಿನ ಅಂಚು ಕೂರುವ ಜಾಗದ ವ್ಯಾಸ. 700x28ಸಿ ಎನ್ನುವುದೂ ಇದೇ ಅಳತೆಗೆ ಇನ್ನೊಂದು ಹೆಸರು. 622 ಬದಲಾಗಬಾರದು, ಅಗಲ ಬದಲಾಗಬಹುದು. ಇನ್ನೂ 23ರಲ್ಲಿ ಓಡುತ್ತಿದ್ದರೆ ದಯವಿಟ್ಟು ಬಿಡಿ. ನಮ್ಮ ರಸ್ತೆಗಳಿಗೆ 28 ಸೂಕ್ತ, ಜಾಗವಿದ್ದರೆ 30 ಅಥವಾ 32 ಇನ್ನೂ ಒಳ್ಳೆಯದು. ಗಾಳಿಯ ಜಾಗ ಹೆಚ್ಚಿದಷ್ಟೂ ಕಡಿಮೆ ಒತ್ತಡದಲ್ಲಿ ಓಡಿಸಬಹುದು, ರಿಮ್ಮು ಕಚ್ಚುವುದೂ ತಪ್ಪುತ್ತದೆ. ಕೊಳ್ಳುವ ಮೊದಲು ಫ್ರೇಮಿಗೂ ಈಗಿನ ಟೈರಿಗೂ ನಡುವೆ ಇರುವ ಸಂದನ್ನು ಅಳೆಯಿರಿ. ಹೊಸ ಟೈರು ಹಾಕಿದ ಮೇಲೂ ಎಲ್ಲ ಕಡೆ ನಾಲ್ಕು ಮಿಲಿಮೀಟರ್ ಉಳಿಯಬೇಕು. ಹಳೆಯ ರಿಮ್ ಬ್ರೇಕ್ ಸೈಕಲ್ಲುಗಳಲ್ಲಿ ಬ್ರೇಕಿನ ಕೆಳಗೇ ತಗಲುವುದು ಹೆಚ್ಚು.

ಎಪ್ಪತ್ತು ಕಿಲೋ ತೂಕದ ಸವಾರನಿಗೆ ಟ್ಯೂಬಿರುವ 28ರ ಟೈರಿನಲ್ಲಿ ಹಿಂದೆ 70ರಿಂದ 75, ಮುಂದೆ ಐದು ಕಡಿಮೆ ಪಿಎಸ್‌ಐ ಹೊಡೆದು ನೋಡಿ, ಅಲ್ಲಿಂದ ನಿಮಗೆ ಹಿತವಾದ ಕಡೆಗೆ ಹೊಂದಿಸಿಕೊಳ್ಳಿ. 100 ತುಂಬಿದರೆ ವೇಗ ಹೆಚ್ಚುತ್ತದೆ ಎಂಬುದು ಹಳೆಯ ನಂಬಿಕೆ. ಒರಟು ರಸ್ತೆಯಲ್ಲಿ ಕಲ್ಲಿನಂತಾದ ಟೈರು ಪುಟಿಯುತ್ತದೆ, ಬೇಗ ಕೊಯ್ದುಕೊಳ್ಳುತ್ತದೆ. ಒಂದು ಎಚ್ಚರಿಕೆ: ಹೊಸ ಸೈಕಲ್ಲುಗಳಲ್ಲಿ ಹುಕ್‌ಲೆಸ್ ರಿಮ್ (ಟೈರಿನ ಅಂಚನ್ನು ಹಿಡಿಯುವ ಕೊಕ್ಕೆ ಇಲ್ಲದ್ದು) ಇದ್ದರೆ ಗರಿಷ್ಠ ಮಿತಿ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐ. ಅದಕ್ಕೆ ಹೊಂದುವುದೆಂದು ಬರೆದಿರುವ ಟೈರನ್ನೇ ಕೊಳ್ಳಬೇಕು.

ಇನ್ನು ಟೈರಿನ ಒಳರಚನೆ. ಟಿಪಿಐ ಎಂದರೆ ಒಂದು ಇಂಚಿನಲ್ಲಿರುವ ನೂಲಿನೆಳೆಗಳ ಸಂಖ್ಯೆ. ಸಂಖ್ಯೆ ಹೆಚ್ಚಾದಷ್ಟು ನೂಲು ಸಣ್ಣ, ಟೈರು ಮೃದು, ಓಟ ಹಗುರ, ಗೋಡೆ ನಾಜೂಕು. ಕೆಲವು ಕಂಪನಿಗಳು ಮೂರು ಪದರಗಳನ್ನೂ ಕೂಡಿಸಿ 330 ಎಂದು ಬರೆಯುವುದರಿಂದ ಸಂಖ್ಯೆಗಳನ್ನು ಕಣ್ಣುಮುಚ್ಚಿ ಹೋಲಿಸಬೇಡಿ. ನಿತ್ಯದ ಓಡಾಟಕ್ಕೆ 60ರ ಹೆಣಿಗೆ ಗಟ್ಟಿ. ರಬ್ಬರಿನ ಕೆಳಗೆ ಚುಚ್ಚುವಿಕೆ ತಡೆಯುವ ಪಟ್ಟಿ ಇದೆಯೇ, ಅದು ನಡುವೆ ಮಾತ್ರವೇ ಅಥವಾ ಗೋಡೆಯವರೆಗೂ ಹಬ್ಬಿದೆಯೇ ಎಂದು ಕೇಳಿ. ಮುಳ್ಳಿನ ಊರಿನವರಿಗೆ ನಡುವಿನ ಪಟ್ಟಿ ದಪ್ಪವಿರಬೇಕು. ಜಲ್ಲಿಕಲ್ಲಿನ ರಸ್ತೆಯವರಿಗೆ ಗೋಡೆಯ ರಕ್ಷಣೆ ಮುಖ್ಯ.

ಉದಾಹರಣೆಗೆ ಕಾಂಟಿನೆಂಟಲ್ ಗ್ರಾಂಡ್ ಪ್ರಿ 5000 ವೇಗಕ್ಕೆಂದು ಮಾಡಿದ್ದು. 25ರ ಅಳತೆಯಲ್ಲಿ ಕಾಲು ಕಿಲೋಗಿಂತ ಕಡಿಮೆ ತೂಗುತ್ತದೆ. ಅದೇ ಕಂಪನಿಯ ಗೇಟರ್‌ಸ್ಕಿನ್ ಗೋಡೆಯ ಮೇಲೂ ರಕ್ಷಣೆಯ ಹೆಣಿಗೆ ಹೊದ್ದ, ತರಬೇತಿಗೂ ದಿನದ ಬಳಕೆಗೂ ತಕ್ಕ ಟೈರು. ಇನ್ನೊಂದು ತುದಿಯಲ್ಲಿ ಶ್ವಾಲ್ಬೆ ಮ್ಯಾರಥಾನ್ ಪ್ಲಸ್ ಇದೆ: ಒಳಗೆ ಐದು ಮಿಲಿಮೀಟರ್ ದಪ್ಪದ ರಬ್ಬರ್ ಪದರ, ತೂಕ ಮುಕ್ಕಾಲು ಕಿಲೋ ಆಸುಪಾಸು. ಅದರ ಮೇಲೆ ಬೆಟ್ಟ ಹತ್ತುವುದು ಚಪ್ಪಲಿ ಬಿಟ್ಟು ಗಂಬೂಟು ತೊಟ್ಟು ಓಡಿದಂತೆ, ಆದರೆ ಮುಳ್ಳಿಗೆ ಅಂಜುವ ಕಾಲೇಜು ವಿದ್ಯಾರ್ಥಿಗೋ ಪ್ರತಿದಿನ ಕಚೇರಿಗೆ ಹೋಗುವವರಿಗೋ ಅದೇ ಸುಖ. ಇವುಗಳ ನಡುವೆ ನಿಮ್ಮ ರಸ್ತೆ ಎಲ್ಲಿ ಕೂರುತ್ತದೆ ಎಂಬುದನ್ನು ನೀವೇ ನಿರ್ಧರಿಸಬೇಕು. ಬೇಗ ಸವೆಯದ ಗಟ್ಟಿ ರಬ್ಬರ್ ಮಳೆಯಲ್ಲಿ ಹಿಡಿತ ಕಡಿಮೆ ಕೊಡುತ್ತದೆ ಎಂಬುದನ್ನು ಮಲೆನಾಡಿನವರೂ ಕರಾವಳಿಯವರೂ ಮರೆಯಬಾರದು. ಟೈರಿನ ಮೇಲಿನ ಕೆತ್ತನೆ ನೋಡಿ ಮರುಳಾಗಬೇಡಿ. ಇಷ್ಟು ತೆಳ್ಳನೆಯ ಟೈರು ಸೈಕಲ್ಲಿನ ವೇಗದಲ್ಲಿ ನೀರಿನ ಮೇಲೆ ತೇಲುವುದಿಲ್ಲ, ಆದ್ದರಿಂದ ಟಾರು ರಸ್ತೆಯಲ್ಲಿ ನುಣುಪು ಟೈರೇ ಸಾಕು.

ಅಂಚಿನಲ್ಲಿ ಉಕ್ಕಿನ ತಂತಿ ಇರುವ ಟೈರು ಅಗ್ಗ, ತೂಕ ಸ್ವಲ್ಪ ಹೆಚ್ಚು, ಮಡಚಬಹುದಾದದ್ದು ದುಬಾರಿ. ಬಾಳಿಕೆಗೂ ಇದಕ್ಕೂ ಸಂಬಂಧವಿಲ್ಲ. ದೂರಪ್ರಯಾಣಕ್ಕೆ ಹೆಚ್ಚುವರಿ ಟೈರು ಹೊತ್ತೊಯ್ಯುವವರಿಗೆ ಮಾತ್ರ ಮಡಚುವುದು ಬೇಕು. ಟ್ಯೂಬ್‌ಲೆಸ್ ಮುಳ್ಳಿನ ಊರಿಗೆ ನಿಜವಾಗಿಯೂ ಒಳ್ಳೆಯದು, ಒಳಗಿನ ದ್ರವ ಸಣ್ಣ ತೂತನ್ನು ತಾನೇ ಮುಚ್ಚುತ್ತದೆ. ಆದರೆ ನಮ್ಮ ಸೆಕೆಗೆ ಆ ದ್ರವ ಕೆಲವೇ ತಿಂಗಳಲ್ಲಿ ಒಣಗುತ್ತದೆ. ಹಾಕಿ ಮರೆತುಬಿಡುವ ಸ್ವಭಾವದವರು ಟ್ಯೂಬಿನಲ್ಲೇ ಇರಿ.

ಹಾಕುವ ಕ್ರಮ

ಒಂದೇ ಹೊಸ ಟೈರು ಕೊಂಡಿದ್ದರೆ ಅದನ್ನು ಮುಂದೆ ಹಾಕಿ, ಮುಂದಿದ್ದ ಹಳೆಯದನ್ನು ಹಿಂದಕ್ಕೆ ತನ್ನಿ. ಹಿಂದಿನದು ಹೆಚ್ಚು ಭಾರ ಹೊತ್ತು ಬೇಗ ಸವೆಯುತ್ತದೆ, ನಿಜ. ಆದರೆ ಇಳಿಜಾರಿನಲ್ಲಿ ಸಿಡಿದರೆ ಬೀಳಿಸುವುದು ಮುಂದಿನದು. ಸವೆದ ಹಿಂದಿನ ಟೈರನ್ನು ಮುಂದಕ್ಕೆ ಹಾಕುವ ಉಳಿತಾಯ ಬೇಡ.

ಟೈರಿನ ಮೇಲಿನ ಹೆಸರು ವಾಲ್ವಿನ ನೇರಕ್ಕೆ ಬರುವಂತೆ ಕೂರಿಸಿ. ಅಂದಕ್ಕಲ್ಲ, ಮುಂದೆ ಪಂಕ್ಚರ್ ಆದಾಗ ಟ್ಯೂಬಿನ ತೂತಿನಿಂದ ಟೈರಿನ ಜಾಗವನ್ನು ಗೇಣು ಹಾಕಿ ಹುಡುಕಲು ಅನುಕೂಲ. ಟ್ಯೂಬಿಗೆ ಆಕಾರ ಬರುವಷ್ಟು ಗಾಳಿ ಹೊಡೆದು ಒಳಗಿಡಿ. ವಾಲ್ವಿನ ಎದುರು ಬದಿಯಿಂದ ಶುರುಮಾಡಿ ಎರಡೂ ಕಡೆಯಿಂದ ಒತ್ತುತ್ತಾ ವಾಲ್ವಿನ ಬಳಿ ಮುಗಿಸಿ. ಕೊನೆಯ ನಾಲ್ಕು ಬೆರಳಷ್ಟು ಭಾಗ ಹಟ ಮಾಡಿದರೆ ಲಿವರ್ ಎತ್ತಿಕೊಳ್ಳದೆ, ಎದುರು ಬದಿಯ ಅಂಚನ್ನು ಮತ್ತೆ ತಗ್ಗಿಗೆ ತಳ್ಳಿಕೊಂಡು ಬನ್ನಿ; ಅಂಗೈಯಿಂದ ಉರುಳಿಸಿದರೆ ಹತ್ತುತ್ತದೆ. ನಂತರ ವಾಲ್ವನ್ನು ಒಮ್ಮೆ ಒಳಕ್ಕೆ ಒತ್ತಿ ಬಿಡಿ, ಅದರ ಬುಡದ ದಪ್ಪ ಭಾಗ ಅಂಚಿನ ಕೆಳಗೆ ಸಿಕ್ಕಿದ್ದರೆ ಬಿಡಿಸಿಕೊಳ್ಳುತ್ತದೆ. ಟೈರನ್ನು ಅತ್ತಿತ್ತ ಸರಿಸಿ ಟ್ಯೂಬು ಎಲ್ಲಿಯೂ ಇಣುಕದಿರುವುದನ್ನು ನೋಡಿ ಅರ್ಧ ಗಾಳಿ ಹೊಡೆಯಿರಿ. ರಿಮ್ಮಿನ ಪಕ್ಕ ಟೈರಿನ ಸುತ್ತ ಒಂದು ಸಣ್ಣ ಗೆರೆ ಇರುತ್ತದೆ. ಆ ಗೆರೆ ಎಲ್ಲ ಕಡೆ ಒಂದೇ ಎತ್ತರದಲ್ಲಿ ಕಂಡರೆ ಮಾತ್ರ ಪೂರ್ತಿ ಗಾಳಿ. ಎಲ್ಲಾದರೂ ಮುಳುಗಿದ್ದರೆ ಅಥವಾ ಎದ್ದಿದ್ದರೆ ಗಾಳಿ ಬಿಟ್ಟು ಆ ಜಾಗವನ್ನು ಕೈಯಿಂದ ಹಿಸುಕಿ ಸರಿಮಾಡಿ ಮತ್ತೆ ಹೊಡೆಯಿರಿ.

ತೆಗೆದ ಹಳೆಯ ಟೈರನ್ನು ಗುಜರಿಗೆ ಹಾಕುವ ಮೊದಲು ಗೋಡೆಯ ಗಟ್ಟಿಯಿರುವ ಭಾಗದಿಂದ ಎರಡು ಬೆರಳಗಲದ ಒಂದೆರಡು ತುಂಡು ಕತ್ತರಿಸಿಟ್ಟುಕೊಳ್ಳಿ. ಟೂತ್‌ಪೇಸ್ಟ್ ಟ್ಯೂಬಿಗಿಂತಲೂ ಅದು ಗಟ್ಟಿ ಒತ್ತುಪಟ್ಟಿ. ನನ್ನ ಚೀಲದಲ್ಲಿ ಈಗ ಅಂಥದ್ದು ಎರಡಿವೆ. ಜೊತೆಗೆ ಬೆಂಕಿಪೊಟ್ಟಣದಲ್ಲಿ ಒಂದಿಷ್ಟು ಹತ್ತಿ ಮತ್ತು ಮನೆಯವರಿಗೆ ಹೇಳದೆ ತಂದ ಚಿಮಟ.